‘ಅಂತೆ’ ಇದ್ದ ಜಾಗ

ಹೋದ ವರ್ಷ ದಸರಾ ಗದ್ದಲ ಮುಗಿದು, ಬೀದಿಗೆ ಕಟ್ಟಿದ್ದ ದೀಪದ ಸರಗಳನ್ನು ಬಿಚ್ಚುತ್ತಿದ್ದ ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಸರಸ್ವತಿಪುರಂನ ನಮ್ಮ ಮನೆ ಹುಡುಕಿಕೊಂಡು ಬಂದಳು. ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಮೊಬೈಲು. ಇದೇ ಬಡಾವಣೆಯಲ್ಲಿ ಟ್ಯುಟೋರಿಯಲ್ ಹುಡುಗರಿಗೆ ಮೆಸ್ ನಡೆಸುತ್ತೇನೆ ಎಂದಳು.

“ಸರ್, ಆ ಟಾಂಗಾ ಪಿಕ್ಚರ್‌ಗೆ ಸೌಂಡ್ ಮಾಡಿದ್ದು ನೀವೇ ಅಂತೆ?”

ಹೌದು ಎಂದೆ. ಅವಳು ಮೊಬೈಲ್ ತಿರುಗಿಸಿ ತೋರಿಸಿದಳು. ಟಾಂಗಾ ಸ್ಟ್ಯಾಂಡಿನ ಆಲದ ಮರ, ಕೆಳಗೆ ಕುಕ್ಕರುಗಾಲಲ್ಲಿ ಕೂತ ಒಬ್ಬ ಮನುಷ್ಯ, ಬಗ್ಗಿದ ತಲೆ. ಆ ಮುಖವನ್ನು ನಾನು ಮರೆತಿದ್ದರೆ ತಾನೇ ಗುರುತು ಹಿಡಿಯುವ ಕೆಲಸ.

“ನಮ್ಮಪ್ಪ. ಹೋದ ಕಾರ್ತೀಕದಲ್ಲಿ ತೀರ್ಕೊಂಡ್ರು. ವರ್ಷದ ತಿಥಿ ಬಂತು. ಕೆಸರೆ ಮನೇಲಿ ನೆಂಟರೆಲ್ಲ ಸೇರ್ತಾರೆ, ಟಿವೀಲಿ ಹಾಕೋಣ ಅಂತ. ಅಪ್ಪ ಗಾಡಿ ಹೊಡೆಯೋದು, ಕುದುರೆ ತೊಳೆಯೋದು, ಅಷ್ಟು ಮಾತ್ರ ಒಂದು ಮಾಡಿ ಕೊಡಿ ಸರ್.” ಮೊಬೈಲ್ ಆರಿಸಿದಳು. “ನಮ್ಮ ಮಾವ ಹೇಳ್ತಾರಲ್ಲ, ರಿಂಗ್ ರೋಡಿಂದು, ಅದೊಂದು ತೆಗೆದುಬುಡಿ. ಅಪ್ಪ ಮಾಡಿದ್ದು ಮಾಡಿದ್ರು, ಹೋದ್ರು. ಈಗ್ಯಾಕೆ ಅದನ್ನ ಎಲ್ಲರ ಮುಂದೆ.”

ಮಾಡಿ ಕೊಡುತ್ತೇನಮ್ಮ ಎಂದೆ. ಡಬ್ಬಿ ಮೇಜಿನ ಮೇಲಿಟ್ಟು ಹೋದಳು. ಒಬ್ಬಟ್ಟಿತ್ತು. ಅದನ್ನು ಮುಟ್ಟಲು ನನ್ನಿಂದ ಆಗಲಿಲ್ಲ.

ಅಪ್ಪ ಮಾಡಿದ್ದು ಮಾಡಿದ್ರು ಎಂದಳು. ಅವರು ಅದನ್ನು ಮಾಡಿರಲಿಲ್ಲ. ಆ ಸಂಗತಿ ಗೊತ್ತಿದ್ದು ಬದುಕಿ ಉಳಿದವನು ನಾನೊಬ್ಬನೇ.

*

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲವು ಕಾಲ ಲೇಥ್ ಮುಂದೆ ನಿಂತೆ. ಯಂತ್ರ ಕೆಡುವ ಮೊದಲೇ ಅದರ ಸದ್ದಿನಿಂದ ನನಗೆ ತಿಳಿಯುತ್ತಿತ್ತು. ಈ ಕಿವಿಯನ್ನು ನಂಬಿ ಕೆಲಸ ಬಿಟ್ಟು ಮದುವೆ ವಿಡಿಯೋ ಮಾಡುವ ಅಂಗಡಿ ಸೇರಿದೆ. ಕ್ಯಾಮರಾ ನನ್ನ ಕೈಯಲ್ಲಿ ಅಲುಗುತ್ತಿತ್ತು, ಮೈಕು ಕೊಟ್ಟರು. ಆನೆ, ರೇಷ್ಮೆ, ಗಂಧ, ಅರಮನೆ ಎಂದು ಮೈಸೂರಿಗೆ ಬರುವ ಸಾಕ್ಷ್ಯಚಿತ್ರದವರಿಗೆ ಊರು ಬಲ್ಲ, ಕನ್ನಡ ಬಲ್ಲ ಒಬ್ಬ ಸೌಂಡಿನವನು ಬೇಕಾಗುತ್ತಿತ್ತು. ಹಾಗೆ ಅವರ ಬೆನ್ನಿಗೆ ಬಿದ್ದೆ.

ಮೊದಲು ಮಾಡಿದ್ದೆಲ್ಲ ಇಲಾಖೆಗಳ ಚಿತ್ರ. ಅದರಲ್ಲಿ ಮಾತು ಮೊದಲು, ಚಿತ್ರ ಆಮೇಲೆ. ಆಫೀಸಿನಲ್ಲಿ ಯಾರೋ ಬರೆದು ಟೈಪು ಮಾಡಿಸಿದ ನಿರೂಪಣೆಯನ್ನು ಕಿಸೆಯಲ್ಲಿಟ್ಟುಕೊಂಡು, ಅದಕ್ಕೆ ತಕ್ಕ ದೃಶ್ಯ ಹುಡುಕಿಕೊಂಡು ಹೋಗುತ್ತಿದ್ದೆವು. ಒಮ್ಮೆ ‘ರೈತನ ಮೊಗದಲ್ಲಿ ಮಂದಹಾಸ’ ಎಂದು ಬರೆದಿತ್ತು. ನಾಲೆ ಏರಿಯ ಮೇಲೆ ಸಿಕ್ಕ ಒಬ್ಬರನ್ನು ನಿಲ್ಲಿಸಿದೆವು.

“ಯಜಮಾನ್ರೇ, ಒಂಚೂರು ನಗಿ.”

“ಯಾಕ್ ನಗ್ಲಿ?”

“ನಾಲೆ ಬಂತಲ್ಲ.”

“ನಾಲೆ ಬಂತು ಕಣಪ್ಪ, ನೀರೆಲ್ಲಿ ಬಂತು?”

“ಅದಕ್ಕೇ ನಗಿ.”

ಅವರು ನಕ್ಕರು. ಚಿತ್ರದಲ್ಲಿ ಆ ನಗು ನಾಲೆಗಾಗಿ ನಕ್ಕ ಹಾಗೇ ಕಾಣುತ್ತದೆ. ಆದರೂ ಆ ಚಿತ್ರಗಳ ಬಗ್ಗೆ ನನಗೆ ಅಂಥ ಸಂಕಟವಿಲ್ಲ. ಗಡಸು ಗಂಟಲಿನ ಒಬ್ಬರು ಮೇಲಿನಿಂದ ಮಾತಾಡುತ್ತಿರುತ್ತಾರೆ, ಅದು ಸರ್ಕಾರದ ಗಂಟಲು ಎಂದು ನೋಡುವವರಿಗೆ ಗೊತ್ತಿರುತ್ತದೆ. ಎಷ್ಟು ನಂಬಬೇಕೋ ಅಷ್ಟು ನಂಬಿ ಎದ್ದು ಹೋಗುತ್ತಾರೆ.

ಆಮೇಲೆ ಒಬ್ಬ ಮೇಡಂ ಬಂದರು. ಅವರದು ಬೇರೆಯೇ ದಾರಿ. ನಿರೂಪಣೆ ಇಲ್ಲ, ಪ್ರಶ್ನೆ ಇಲ್ಲ, ಇದನ್ನು ಮಾಡಿ ಅದನ್ನು ಮಾಡಿ ಎನ್ನುವುದಿಲ್ಲ. ಸುಮ್ಮನೆ ಕಾಯುವುದು, ನೋಡುವುದು. ಟಾಂಗಾ ಸ್ಟ್ಯಾಂಡಿನಲ್ಲಿ ಅವರ ಜೊತೆ ಒಂದು ಬೇಸಿಗೆ ಪೂರ್ತಿ ಕೂತಿದ್ದೆ. ಈ ಹೆಣ್ಣುಮಗಳ ತಂದೆಯನ್ನು ನಾನು ಮೊದಲು ಕಂಡದ್ದು ಅಲ್ಲೇ. ಕೆಸರೆಯಿಂದ ಬೆಳಿಗ್ಗೆ ಗಾಡಿ ಹೊಡೆದುಕೊಂಡು ಬರುತ್ತಿದ್ದರು. ಕಂದು ಬಣ್ಣದ ಹೆಣ್ಣುಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು.

“ನಾವು ಗೋಡೆ ಮೇಲಿನ ಹಲ್ಲಿ ಇದ್ದ ಹಾಗೆ. ನಾವಿದ್ದೀವಿ ಅನ್ನೋದು ಮರೆತುಬಿಡಿ,” ಎಂದು ಮೇಡಂ ಅವರಿಗೆ ಹೇಳಿದರು.

ಅಣ್ಣ ಕುದುರೆಯ ಬಾಯಿಗೆ ಹುಲ್ಲು ಕೊಡುತ್ತ, “ಹಲ್ಲೀನೂ ಲೊಚಗುಟ್ಟತ್ತಲ್ಲ ಮೇಡಂ. ಅದು ಲೊಚಗುಟ್ಟಿದ್ರೆ ಹೇಳಿದ ಮಾತು ನಿಜ ಅಂತ ಜನ ನಂಬ್ಬುಡ್ತಾರೆ,” ಎಂದರು.

ಮೇಡಂ ಬಹಳ ಹೊತ್ತು ನಕ್ಕರು. ನಾವು ಹೋಗಿ ಕೂತ ಮೇಲೆ ಸ್ಟ್ಯಾಂಡಿನಲ್ಲಿ ಯಾರೂ ಚಾಟಿ ಬೀಸಲಿಲ್ಲ. ಎಲ್ಲ ಕುದುರೆಗಳ ಜೂಲಿಗೂ ಬಾಚಣಿಗೆ ಬಂತು. ನಾವು ನೋಡಿದ್ದು ಸತ್ಯವೇ, ಆದರೆ ಕ್ಯಾಮರಾ ಇದ್ದಾಗಿನ ಸತ್ಯ. ಮೇಡಂಗೂ ಅದು ಗೊತ್ತಿತ್ತು. ಅವರು ಯಾರ ಮಾತಿನ ನಡುವೆಯೂ ಕತ್ತರಿ ಆಡಿಸುತ್ತಿರಲಿಲ್ಲ. ಆ ಚಿತ್ರ ಮುಗಿಯಲೇ ಇಲ್ಲ; ಅವರ ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿ ಊರಿಗೆ ಹೊರಟರು, ಮತ್ತೆ ಬರಲಿಲ್ಲ. ಸದ್ದಿನ ಟೇಪುಗಳ ಒಂದು ಪ್ರತಿ ನನ್ನ ಬಳಿ ಉಳಿಯಿತು.

ನಮ್ಮ ಕಸುಬಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳುತ್ತೇವೆ. ಮಾತಾಡದೆ ಇದ್ದಾಗಲೂ ಪ್ರತಿ ಜಾಗಕ್ಕೂ ಅದರದ್ದೇ ಒಂದು ಸದ್ದು ಇರುತ್ತದೆ. ಎಡಿಟಿಂಗ್‌ನಲ್ಲಿ ಎಲ್ಲಾದರೂ ಮಾತು ಕತ್ತರಿಸಿದರೆ ಅಲ್ಲೊಂದು ತೂತು ಬೀಳುತ್ತದೆ. ಈ ಖಾಲಿ ಸದ್ದಿನಿಂದ ತೇಪೆ ಹಾಕಿದರೆ ಕತ್ತರಿಸಿದ್ದು ಯಾರಿಗೂ ತಿಳಿಯುವುದಿಲ್ಲ.

ಅಂದು ನಾನು ಸುಮ್ಮನಿರಿ ಎಂದಾಗ ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದರು, “ಮಾತಾಡ್ಬ್ಯಾಡಿ ಅಂದ್ಬುಟ್ಟು ಅದೇನ್ ರೆಕಾರ್ಡ್ ಮಾಡ್ಕತೀಯಪ್ಪ?”

“ಸುಮ್ನಿರೋದನ್ನ.”

“ನಮ್ಮನೇಗೂ ಒಂದು ಮಿಷನ್ ತಂದಾಕು. ಅಲ್ಲಿ ಸುಮ್ನಿರೋದು ಎಂಗಿರ್ತದೆ ಅಂತ ನಾನು ಕೇಳೇ ಇಲ್ಲ.”

ನಗು ನಿಂತ ಮೇಲೆ ಆ ಒಂದು ನಿಮಿಷ ಸಿಕ್ಕಿತು. ನಡುವೆ ಅಣ್ಣನ ಕುದುರೆ ಉಸಿರು ಬಿಟ್ಟಿತು. ಅದಕ್ಕೆ ಮೂಗಿನ ಏನೋ ತೊಂದರೆ. ಒಮ್ಮೆ ಉದ್ದಕ್ಕೆ ಬಿಟ್ಟು, ತಡೆದು, ಮತ್ತೊಮ್ಮೆ ಚಿಕ್ಕದಾಗಿ ಬಿಡುತ್ತಿತ್ತು, ಅತ್ತು ಸುಮ್ಮನಾದ ಮಗುವಿನ ಹಾಗೆ. ಅದೂ ಟೇಪಿನಲ್ಲಿ ಉಳಿಯಿತು.

ಒಂದೊಂದು ದಿನ ಅಣ್ಣ ಮಗಳನ್ನೂ ಕರೆತರುತ್ತಿದ್ದರು. ಆಗ ಅವಳಿನ್ನೂ ಚಿಕ್ಕವಳು. ಬೆಲ್ಲದ ಚೂರನ್ನು ಅವಳ ಅಂಗೈಯಲ್ಲಿಟ್ಟು, “ಬೆರಳು ಮಡಚಬ್ಯಾಡ ಕಣವ್ವ. ಕೈ ತಟ್ಟೆ ಅಂಗಿರ್ಲಿ, ಅದೇ ತಕ್ಕತದೆ,” ಎನ್ನುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೈ ಚಾಚುತ್ತಿದ್ದಳು.

*

ಕೆಲವು ವರ್ಷಗಳ ಮೇಲೆ ಇನ್ನೊಬ್ಬ ನಿರ್ದೇಶಕರು ಬಂದರು. ಉತ್ತರದ ಕಡೆಯವರು, ಕನ್ನಡ ಬಾರದು. ನನಗೆ ಬರುವ ಹರಕು ಹಿಂದಿಯಲ್ಲಿ ಎಲ್ಲವನ್ನೂ ನಾನೇ ಅವರಿಗೆ ದಾಟಿಸುತ್ತಿದ್ದೆ. ಟಾಂಗಾದವರ ಕಷ್ಟವನ್ನು ಅವರ ಬಾಯಿಂದಲೇ ಹೇಳಿಸಬೇಕು, ನಮ್ಮದು ಅಂತ ಒಂದು ಮಾತೂ ಇರಬಾರದು, ಸತ್ಯ ಅಂದರೆ ಅದು ಎನ್ನುತ್ತಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವ ಬಗೆಯ ಚಿತ್ರ ಅದು.

ಇದು ಸಾಕ್ಷ್ಯಚಿತ್ರ ಎಂದು ನಾನು ವಿವರಿಸಿದಾಗ ಅಣ್ಣ, “ಸಾಕ್ಷಿ ಅಂದ್ರೆ ಕೋರ್ಟಾ?” ಎಂದು ಕೇಳಿದ್ದರು. ಕೋರ್ಟೂ ಇಲ್ಲ ಏನೂ ಇಲ್ಲ ಎಂದು ನಕ್ಕಿದ್ದೆ.

ಅಷ್ಟು ಹೊತ್ತಿಗೆ ಅಣ್ಣನ ಕುದುರೆ ಇರಲಿಲ್ಲ. ಬೇರೆಯವರ ಗಾಡಿಯನ್ನು ಬಾಡಿಗೆಗೆ ಹೊಡೆಯುತ್ತಿದ್ದರು. ಕುದುರೆ ಏನಾಯಿತು ಎಂದು ನಿರ್ದೇಶಕರು ಕ್ಯಾಮರಾ ಮುಂದೆ ಕೇಳಿದಾಗ ಎದ್ದು ಹೋಗಿಬಿಟ್ಟರು. ಆಮೇಲೆ ಕೆಸರೆಯ ಮನೆಯ ಹಿಂದೆ, ಖಾಲಿ ಲಾಯದ ಹತ್ತಿರ, ನನ್ನ ಮೈಕು ಚೀಲದೊಳಗೆ ಇದ್ದಾಗ, ನನಗೊಬ್ಬನಿಗೆ ಹೇಳಿದರು. ಕುದುರೆಗೆ ಹೊಟ್ಟೆಶೂಲೆ ಬಂದಿತ್ತು. ಗಾಡಿ ಬಿಚ್ಚಿ, ಹಗ್ಗ ಹಿಡಿದು ದನದ ಆಸ್ಪತ್ರೆಗೆ ನಡೆಸಿಕೊಂಡು ಹೊರಟಿದ್ದರು. ರಿಂಗ್ ರೋಡ್ ಹತ್ತಿರ ಅದು ಮಲಗಿಬಿಟ್ಟಿತು.

“ನೀರು ತರಾಕೆ ಓಟ್ಲಿಗೆ ಓದೆ ಕಣಪ್ಪ. ಬಕೀಟು ಕೊಡಕ್ಕೆ ಅವ್ನು ಸತಾಯಿಸ್ದ. ಬಂದ್ ನೋಡ್ತೀನಿ, ಅಗ್ಗ ಅದೆ, ಅದಿಲ್ಲ.”

ಸುತ್ತಲೆಲ್ಲ ಹುಡುಕಿದ್ದಾರೆ. ಎಷ್ಟೋ ದೂರದಲ್ಲಿ ಒಂದು ಕುದುರೆ ಲಾರಿಗೆ ಸಿಕ್ಕಿತ್ತು, ಹೊತ್ತುಕೊಂಡು ಹೋದರು ಎಂದು ಯಾರೋ ಹೇಳಿದ್ದಾರೆ. ಸ್ಟ್ಯಾಂಡಿನಲ್ಲಿ ಬೇರೆ ಸುದ್ದಿ ಹುಟ್ಟಿತ್ತು. ಹುರುಳಿ ಬೂಸಾ ಹಾಕಲಾರದೆ, ಮುದಿ ಕುದುರೆಯನ್ನು ಬೇಕೆಂದೇ ಬಿಟ್ಟು ಬಂದ ಎಂದು.

“ಇದನ್ನ ಕ್ಯಾಮರಾ ಮುಂದೆ ಹೇಳಿ ಅಣ್ಣ,” ಎಂದೆ.

“ಅದ್ರ ಮುಂದೆ ಅಳಬಾರ್ದು ಅಂತ್ಲೇ ಎದ್ದೋಗಿದ್ದು,” ಎಂದರು.

ಮರುದಿನ ಸ್ಟ್ಯಾಂಡಿನಲ್ಲಿ ಅವರ ಹೆಂಡತಿಯ ತಮ್ಮನನ್ನು ಮಾತಾಡಿಸಿದೆವು. ಅವರೂ ಟಾಂಗಾದವರೇ, ಈ ಹೆಣ್ಣುಮಗಳ ಸೋದರಮಾವ. ಸದಾ ಬಾಯಲ್ಲಿ ಎಲೆಅಡಿಕೆ. ಸುಳ್ಳಾಡದ ಮನುಷ್ಯ ಎಂದು ಸ್ಟ್ಯಾಂಡಿನಲ್ಲಿ ಹೆಸರು. ಬಾಡಿಗೆ ಜಗಳವಾದರೆ ಅವರು ಹೇಳಿದ್ದೇ ತೀರ್ಮಾನ. ಕುದುರೆಗಳ ಮೇವು, ದರ, ಕಾಯಿಲೆ ಎಲ್ಲ ಹೇಳುತ್ತ ಅವರು ಹೇಳಿದರು:

“ನಮ್ಮ ಬಾವ ಕುದ್ರೇನ ರಿಂಗ್ ರೋಡಲ್ಲಿ ಬುಟ್ಟು ಬಂದ್ಬುಟ್ರು.”

ಅಲ್ಲಿ ನಿಲ್ಲಿಸಿದರು. ಪಕ್ಕಕ್ಕೆ ತಿರುಗಿ ಎಲೆಅಡಿಕೆ ಉಗಿದರು. ತಿರುಗಿ, “ಅಂತೆ,” ಎಂದರು.

ಬಾಯಿ ಖಾಲಿ ಇದ್ದಿದ್ದರೆ ಅವರು ‘ಬಂದ್ಬುಟ್ರಂತೆ’ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಅದನ್ನು ಯಾವ ಕತ್ತರಿಯೂ ಬಿಡಿಸಲಾಗುತ್ತಿರಲಿಲ್ಲ. ಎಲೆಅಡಿಕೆ ನಡುವೆ ಬಂದು ಆ ಪದವನ್ನು ಬೇರೆ ಮಾಡಿತು.

ಕೊನೆಗೆ ಎಂದಿನಂತೆ ನಾನು ಎದ್ದು ನಿಂತು, “ಒಂದು ನಿಮಿಷ ಯಾರೂ ಮಾತಾಡಬೇಡಿ, ಅಲ್ಲಾಡಬೇಡಿ,” ಎಂದೆ. ಎಲ್ಲರೂ ಸುಮ್ಮನಾದರು. ಅಣ್ಣ ಆಲದ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿದರು. ನಾನು ಹೇಳಿದ್ದನ್ನು ಅವರಷ್ಟು ಚೆನ್ನಾಗಿ ಯಾರೂ ಪಾಲಿಸುತ್ತಿರಲಿಲ್ಲ. ಕ್ಯಾಮರಾದವನು ಆ ಹೊತ್ತಿನಲ್ಲಿ ಸುಮ್ಮನೆ ಅವರ ಮುಖ ಹಿಡಿದ. ನಿಮಿಷ ಮುಗಿಯುವ ಮುಂಚೆ ಸಿಟಿ ಬಸ್ಸೊಂದು ಹಾರನ್ ಒತ್ತಿಕೊಂಡು ಬಂದು ನನ್ನ ಖಾಲಿ ಸದ್ದು ಹಾಳಾಯಿತು. ಇನ್ನೊಮ್ಮೆ ಮಾಡಲು ಪುರುಸೊತ್ತಿರಲಿಲ್ಲ.

ಎಡಿಟಿಂಗ್ ನಡೆದದ್ದು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನ ಮಹಡಿಯಲ್ಲಿ. ಕೆಳಗೆ ಮೇಷ್ಟ್ರು ಬೀಜಗಣಿತ ಹೇಳುತ್ತಿದ್ದರು. ಮಾವನ ಮಾತು ಬಂದಾಗ ನಿರ್ದೇಶಕರು ಮುಖ ಸಿಂಡರಿಸಿದರು. ಆ ಉಗಿಯುವುದು ಅಸಹ್ಯ, ತೆಗಿ ಎಂದರು. ನಾನು ಉಗಿಯುವುದಕ್ಕೆ ಮುಂಚೆ ಕತ್ತರಿಸಿದೆ. ಆಮೇಲೆ ‘ಅಂತೆ’ ಒಂದೇ ಉಳಿಯಿತು, ಹಿಂದೆ ಮುಂದೆ ಇಲ್ಲದೆ. ಅದನ್ನು ಸೇರಿಸಿ ಜೋಡಿಸಲು ಬರುತ್ತಿತ್ತು. ಸ್ವಲ್ಪ ಹೊತ್ತು ಹಿಡಿಯುತ್ತಿತ್ತು, ಅಷ್ಟೆ. ನಾನು ಅದನ್ನು ಬಿಟ್ಟು ಕೇಳಿಸಿದೆ: ಕುದ್ರೇನ ರಿಂಗ್ ರೋಡಲ್ಲಿ ಬುಟ್ಟು ಬಂದ್ಬುಟ್ರು. ಪೂರ್ಣವಿರಾಮ.

ಆ ವಾಕ್ಯ ಬೀಳುವ ರೀತಿಗೆ ನಿರ್ದೇಶಕರು ನನ್ನ ಕಡೆ ತಿರುಗಿ ನೋಡಿದರು. ಅವರಿಗೆ ಕನ್ನಡ ಬಾರದಿದ್ದರೂ ಕಿವಿ ಇತ್ತು. ಅದರ ಮುಂದೆ ಅಣ್ಣನ ಬಗ್ಗಿದ ಮುಖ ಇಟ್ಟರು. ಆ ಮುಖದ ಕೆಳಗೆ ಹಾಸಲು ಖಾಲಿ ಸದ್ದು ಬೇಕಲ್ಲ, ಬಸ್ಸಿನಿಂದ ಹಾಳಾಗಿತ್ತು. ಅದೇ ಸ್ಟ್ಯಾಂಡಿನದು ನನ್ನ ಬಳಿ ಹಳೆಯದಿದೆ ಎಂದು ಮೇಡಂ ಕಾಲದ ಟೇಪಿನಿಂದ ತೆಗೆದು ಹಾಕಿದೆ. ಅಣ್ಣ ತಲೆ ತಗ್ಗಿಸಿ ಕೂತಿದ್ದಾರೆ, ಎಲ್ಲಿಂದಲೋ ಒಂದು ಕುದುರೆ ಉದ್ದಕ್ಕೊಮ್ಮೆ ಉಸಿರು ಬಿಡುತ್ತದೆ, ತಡೆದು ಇನ್ನೊಮ್ಮೆ ಬಿಡುತ್ತದೆ. ನಿರ್ದೇಶಕರು ನನ್ನ ಬೆನ್ನು ತಟ್ಟಿದರು. ದೊಡ್ಡವರೊಬ್ಬರು ನನ್ನ ಕೆಲಸಕ್ಕೆ ಬೆನ್ನು ತಟ್ಟಿದ್ದು ಅದೇ ಮೊದಲು. ಆ ಮಾತಿನ ಅರ್ಥ ಏನಾಗಿಹೋಯಿತು ಎಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬ. ಹೇಳಲಿಲ್ಲ.

ನಮ್ಮದು ಅಂತ ಒಂದು ಮಾತೂ ಇಲ್ಲ ಎಂದು ಅವರು ಆಮೇಲೆ ಎಲ್ಲ ಕಡೆ ಹೇಳಿಕೊಂಡರು. ನಿಜ. ಮಾವ ಆಡಿದ ಮಾತು ಅವರದೇ. ಅಣ್ಣ ಕೂತಿದ್ದು ಹಾಗೇ. ಕುದುರೆ ಉಸಿರಾಡಿದ್ದೂ ಅದೇ ಮರದ ಕೆಳಗೆ.

*

ಒಂದು ಸಣ್ಣ ಹಾಲ್‌ನಲ್ಲಿ ಚಿತ್ರ ತೋರಿಸಿದರು. ಟಾಂಗಾದವರೆಲ್ಲ ಸಂಸಾರ ಸಮೇತ ಬಂದಿದ್ದರು. ಅಣ್ಣನ ಮುಖ ಬಂದಾಗ ಹೆಂಗಸರ ಕಡೆಯಿಂದ ಲೊಚಗುಟ್ಟಿದ್ದು ಕೇಳಿಸಿತು. ದೀಪ ಹತ್ತಿದ ಮೇಲೆ ಮಾವ ನನ್ನ ಹತ್ತಿರ ಬಂದರು.

“ಏನಪ್ಪಾ, ನಾನು ಅಂತೆ ಅಂದಿದ್ನಲ್ಲ?”

ಆಗಲಾದರೂ ಒಪ್ಪಿಕೊಳ್ಳಬಹುದಿತ್ತು. ನಿರ್ದೇಶಕರು ಅಲ್ಲೇ ನಿಂತಿದ್ದರು, ಯಾರೋ ಅವರಿಗೆ ಹಾರ ಹಾಕುತ್ತಿದ್ದರು.

“ಇಲ್ಲ ಕಣಣ್ಣ. ನೀವು ಹಂಗೇ ಅಂದಿದ್ದು. ಟೇಪಲ್ಲಿ ಐತೆ.”

“ಅಂದಿದ್ದೆ ಅಂತ ಗೆಪ್ತಿ ನಂಗೆ.”

“ಟೇಪ್ ಸುಳ್ಳೇಳ್ತದಾ?”

ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಅಗಿಯುವುದು ಬಿಟ್ಟು ನಿಂತರು. “ಟೇಪಲ್ಲಿ ಐತೆ ಅಂದ್ರೆ, ನಾನೇ ಅಂದ್ಬುಟ್ಟಿರ್ಬೇಕು,” ಎಂದರು. ತಮ್ಮ ಬಾಯಿಯನ್ನೇ ನಂಬದವರ ಹಾಗೆ ತುಟಿ ಒರೆಸಿಕೊಂಡರು. ಆಮೇಲೆ ಯಾರು ಕೇಳಿದರೂ ಆ ಮನುಷ್ಯ, ಹೌದು, ನಾನೇ ಹೇಳಿದ್ದು, ಎನ್ನತೊಡಗಿದರು. ಸುಳ್ಳಾಡದವರು ಎಂಬ ಹೆಸರಿತ್ತಲ್ಲ, ಎಲ್ಲರೂ ನಂಬಿದರು. ಅವರ ಅಕ್ಕ, ಅಂದರೆ ಅಣ್ಣನ ಹೆಂಡತಿಯೂ ನಂಬಿದರು.

ಅಣ್ಣ ಎಲ್ಲರೂ ಹೋಗುವವರೆಗೆ ಕಾದು ನನ್ನ ಬಳಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

“ಅಲ್ಲಿ ಉಸ್ರು ಬಂತಲ್ಲ. ಅದು ನಮ್ಮದೇ ಕುದ್ರೆ ಉಸ್ರು. ಎಲ್ಲಿತ್ತಪ್ಪ?”

ಅವರ ಕಣ್ಣಿನಲ್ಲಿ ಇದ್ದದ್ದು ಆಸೆ. ಕುದುರೆ ಎಲ್ಲೋ ಬದುಕಿರಬಹುದು, ನಾನು ಅದನ್ನು ಕಂಡಿರಬಹುದು ಎನ್ನುವ ಆಸೆ. ಹಳೆಯ ಟೇಪಿನ ವಿಷಯ ಹೇಳಿದರೆ ತೇಪೆ ಹಾಕಿದ್ದು ಹೊರಗೆ ಬರುತ್ತದೆ.

“ಯಾವುದೋ ಕುದುರೆ ಇರಬೇಕು ಅಣ್ಣ,” ಎಂದೆ.

“ಊಂ,” ಎಂದು ಹೋದರು.

ಚಿತ್ರ ಲೋಕಲ್ ಕೇಬಲ್‌ನಲ್ಲಿ ಬಂತು. ಸ್ಟ್ಯಾಂಡಿನಲ್ಲಿ ಅವರಿಗೆ ರಿಂಗ್ ರೋಡು ಎಂದು ಅಡ್ಡಹೆಸರು ಬಿತ್ತು. ಒಂದು ದಿನ ನಾನು ಅಲ್ಲೇ ಟೀ ಕುಡಿಯುತ್ತಿದ್ದಾಗ ಒಬ್ಬ ಕೂಗಿದ: “ಏನ್ ರಿಂಗ್ ರೋಡು, ಇವತ್ತು ಯಾರನ್ನ ಬುಟ್ಟು ಬಂದೆ?” ಇನ್ನೊಬ್ಬ, “ಹೆಂಡ್ರುನ್ನ ಕರ್ಕೊಂಡ್ ಓಗ್ಬ್ಯಾಡ ಕಣಪ್ಪ ಆ ಕಡೆ,” ಎಂದ. ಅಣ್ಣ ನಕ್ಕರು. ಮರು ತಿಂಗಳಿಂದ ಬಾಡಿಗೆ ಗಾಡಿಯನ್ನೂ ಬಿಟ್ಟರು. ಎಲ್ಲೋ ಸೈಕಲ್ ಸ್ಟ್ಯಾಂಡ್ ಕಾಯುತ್ತಿದ್ದಾರೆ ಎಂದು ಕೇಳಿದೆ. ಆ ರಸ್ತೆಗೆ ಹೋಗುವುದನ್ನು ಬಿಟ್ಟೆ.

ಆಮೇಲೂ ಬಹಳ ಚಿತ್ರಗಳಿಗೆ ಕೆಲಸ ಮಾಡಿದೆ. ಒಬ್ಬರು ನಡೆದುಹೋದ ಘಟನೆಯನ್ನು ಅದೇ ಜನರಿಂದ ಮತ್ತೆ ಮಾಡಿಸಿ ತೆಗೆಯುತ್ತಿದ್ದರು. ಎರಡನೇ ಸಲ ಅಳುವಾಗ ಜನ ಚೆನ್ನಾಗಿ ಅಳುತ್ತಿದ್ದರು. ಈಗಿನ ಹುಡುಗರು ಕ್ಯಾಮರಾವನ್ನು ತಮ್ಮ ಕಡೆಗೇ ತಿರುಗಿಸಿಕೊಂಡು, ನನಗೆ ಗೊತ್ತಿಲ್ಲ, ನಾನೂ ಹುಡುಕುತ್ತಿದ್ದೇನೆ ಎನ್ನುತ್ತಾರೆ. ಅದು ಎಷ್ಟೋ ವಾಸಿ ಎಂದು ನನಗೆ ಅನ್ನಿಸಿದ್ದುಂಟು. ಯಾವ ಬಗೆಯದಾದರೂ ಕೊನೆಯಲ್ಲಿ ನನ್ನ ಒಂದು ನಿಮಿಷ ಇದ್ದೇ ಇರುತ್ತಿತ್ತು. ಎಲ್ಲರನ್ನೂ ಸುಮ್ಮನಿರಿಸಿ ಹೆಡ್‌ಫೋನ್ ಹಾಕಿಕೊಂಡರೆ ಆ ಉಸಿರು ಬರುತ್ತಿತ್ತು. ಕುದುರೆ ಇಲ್ಲದ ಜಾಗದಲ್ಲಿ, ಮದುವೆ ಛತ್ರದಲ್ಲಿ, ಬ್ಯಾಂಕಿನ ಒಳಗೆ. ಆಮೇಲೆ ಟೇಪು ಹಾಕಿ ನೋಡಿದರೆ ಇರುತ್ತಿರಲಿಲ್ಲ. ಈಗ ಕಿವಿ ಮಂದವಾಗಿದೆ. ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲವಾ ಎಂದು ಹೆಂಡತಿ ಬೈಯುತ್ತಾಳೆ. ಅದೊಂದು ಮಾತ್ರ ಕೇಳಿಸುತ್ತದೆ.

*

ಹೆಣ್ಣುಮಗಳು ಹೋದ ಮೇಲೆ ಎರಡೂ ಚಿತ್ರಗಳ ಕತ್ತರಿಸದ ಟೇಪುಗಳಿದ್ದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಅವಳು ಕೇಳಿದಂತೆ ಕತ್ತರಿಸಿ ಕೊಟ್ಟರೆ ಮುಗಿಯಿತು. ಅವಳಿಗೆ ಮರ್ಯಾದೆ, ನನಗೆ ನೆಮ್ಮದಿ. ಸತ್ಯ ಹೇಳಿದರೆ ಅವಳಿಗೆ ತಂದೆ ನಿರಪರಾಧಿಯಾಗಿ ಸಿಗುತ್ತಾರೆ, ಆದರೆ ಇಷ್ಟು ವರ್ಷ ಅವರನ್ನು ನಂಬದೆ ಇದ್ದೆ ಎನ್ನುವುದೂ ಜೊತೆಗೇ ಸಿಗುತ್ತದೆ. ನನ್ನ ಭಾರ ಇಳಿಸಲು ಅವಳ ತಲೆ ಹುಡುಕುತ್ತಿದ್ದೇನೆಯೇ ಎಂದು ಎರಡು ದಿನ ಯೋಚಿಸಿದೆ. ಅಷ್ಟರಲ್ಲಿ ಮಾವನ ಟೇಪು ಹಾಕಿಬಿಟ್ಟೆ.

ಮಾವ ಮಾತಾಡಿದರು. ಉಗಿದರು. ‘ಅಂತೆ’ ಎಂದರು. ಅಲ್ಲಿಗೆ ಮುಗಿಯುತ್ತದೆ ಎಂದು ನಾನು ಕೈ ಚಾಚಿದ್ದೆ. ಮುಗಿಯಲಿಲ್ಲ.

“ನಾನೇನ್ ಕಣ್ಣಲ್ಲಿ ಕಂಡಿಲ್ಲ. ನಮ್ಮ ಬಾವ ಅಂಗ್ ಮಾಡೋರಲ್ಲ.”

ನಾನು ಅಲ್ಲೇ ಕೂತೆ. ಇಷ್ಟು ವರ್ಷ ಒಂದು ಪದ ಕತ್ತರಿಸಿದೆ ಎಂದು ನನಗೆ ನಾನೇ ಹೇಳಿಕೊಂಡು, ಅದಕ್ಕೇ ಮರುಗಿಕೊಂಡು ಬಂದಿದ್ದೆ. ಅದರ ಜೊತೆ ಇನ್ನೂ ಎರಡು ಮಾತು ಕತ್ತರಿಸಿದ್ದೆ. ಅದನ್ನು ನನ್ನ ನೆನಪಿನಿಂದಲೂ ಕತ್ತರಿಸಿ, ತೂತು ಕಾಣದ ಹಾಗೆ ತೇಪೆ ಹಾಕಿಬಿಟ್ಟಿದ್ದೆ. ಮೊದಲು ಮೂರೂ ಕೇಳಿಸಿಕೊಂಡೇ ತಾನೇ ಕತ್ತರಿಸಿರಬೇಕು? ನಾಳೆ ಇನ್ನೇನು ಮರೆಯುತ್ತೇನೋ ಎಂಬ ಹೆದರಿಕೆಯೇ ನನ್ನನ್ನು ಎಬ್ಬಿಸಿತು.

ಮಧ್ಯಾಹ್ನ ಹುಡುಗರ ಊಟ ಮುಗಿಯುವ ಹೊತ್ತಿಗೆ ಮೆಸ್ಸಿಗೆ ಹೋದೆ. ಅವಳು ಬೆಂಚು ಒರೆಸುತ್ತಿದ್ದಳು. ಇಯರ್‌ಫೋನ್ ಕೊಟ್ಟು ಕೇಳಿಸಿದೆ. ಒಮ್ಮೆ ಕೇಳಿದಳು, ಇನ್ನೊಮ್ಮೆ ಹಾಕಿ ಎಂದಳು. ಆಮೇಲೆ ಲಾಯದ ಹತ್ತಿರ ಅಣ್ಣ ಹೇಳಿದ್ದನ್ನೂ ಮಾವನ ಮಾತಿಗೆ ನಾನು ಕತ್ತರಿ ಹಾಕಿದ್ದನ್ನೂ ಹೇಳಿದೆ. ಹಾಲ್‌ನಲ್ಲಿ ಮಾವನಿಗೆ ಹೇಳಿದ ಸುಳ್ಳನ್ನೂ.

“ಹಂಗಾರೆ ಅಪ್ಪ ನೀರು ತರೋಕೆ ಹೋಗಿದ್ದೇ ನಿಜ.”

“ನಿಜ ಕಣಮ್ಮ.”

ಒರೆಸುವ ಬಟ್ಟೆಯನ್ನು ಹಿಂಡುತ್ತ ಇದ್ದಳು. ಅದರಲ್ಲಿ ನೀರಿರಲಿಲ್ಲ. “ನಾನೇನು ಅಪ್ಪನ ಜೊತೆ ಮಾತು ಬಿಟ್ಟಿರ್ಲಿಲ್ಲ ಸರ್. ಊಟ ಹಾಕ್ತಿದ್ದೆ, ಬಟ್ಟೆ ಒಗೀತಿದ್ದೆ. ಆದ್ರೆ ಆ ಪಿಕ್ಚರ್ ನೋಡಿದ ಮೇಲೆ ಎಲ್ಲಿಗೂ ಅವರ ಕೈ ಹಿಡ್ಕೊಂಡು ಹೋಗ್ಲಿಲ್ಲ. ಜಾತ್ರೆಗೆ ಕರೀತಿದ್ರು, ಬರಲ್ಲ ಅಂತಿದ್ದೆ. ಎಲ್ಲಾದ್ರೂ ಬಿಟ್ಟು ಬಂದ್ಬುಡ್ತಾರೆ ಅಂತ. ದೊಡ್ಡೋಳಾದ್ಮೇಲೆ ಭಯ ಹೋಯ್ತು, ಅಭ್ಯಾಸ ಹೋಗ್ಲಿಲ್ಲ.”

ನಾನು ಇಯರ್‌ಫೋನಿನ ವೈರು ಸುತ್ತತೊಡಗಿದೆ.

“ಅವರು ಇದ್ದಾಗ ಯಾಕೆ ತರ್ಲಿಲ್ಲ ಇದನ್ನ?”

ಸುತ್ತಿದ ವೈರನ್ನು ಮತ್ತೆ ಬಿಚ್ಚಿದೆ.

“ನಿಮಗೇನೋ ಹೇಳಿ ಹಗುರ ಆಯ್ತು,” ಎಂದಳು. ಬೆಂಚಿನ ಇನ್ನೊಂದು ತುದಿ ಒರೆಸಿ ಬಂದಳು. “ಕೊನೆಕೊನೆಗೆ ನನ್ನ ಮೊಬೈಲ್ ಇಸ್ಕೊಂಡು ಅದನ್ನೇ ಹಾಕ್ಕೊಂಡು ಕೂರೋರು. ಅದೇ ಜಾಗ. ಮಾವ ಹೇಳೋದು, ಆಮೇಲೆ ಇವರ ಮುಖ. ಮತ್ತೆ ಹಿಂದಕ್ಕೆ, ಮತ್ತೆ ಅದೇ. ಮಾಡಿದ್ದಕ್ಕೆ ನೊಂದ್ಕೊಳ್ತಾರೆ ಅಂದ್ಕೊಂಡು ಕೇಳ್ತಿರ್ಲಿಲ್ಲ ನಾನು.”

 ಅದೊಂದನ್ನು ಇನ್ನೂ ಹೇಳಿರಲಿಲ್ಲ. “ಅಮ್ಮ, ಅವರು ಕೇಳ್ತಿದ್ದಿದ್ದು ಮಾವನ ಮಾತಲ್ಲ. ಅಲ್ಲೊಂದು ಉಸಿರಿದೆ,” ಎಂದೆ. ಹಳೆಯ ಟೇಪಿನ ವಿಷಯ ಹೇಳಿದೆ. ಯಾವುದೋ ಕುದುರೆ ಎಂದು ಅವರಿಗೆ ನಾನು ಹೇಳಿದ್ದನ್ನೂ ಹೇಳಿದೆ.

ಅವಳು ತನ್ನ ಮೊಬೈಲ್‌ನಲ್ಲಿ ಆ ಜಾಗ ಹಾಕಿ, ನನ್ನ ಕೈಯಿಂದ ಇಯರ್‌ಫೋನ್ ತೆಗೆದು ಹಾಕಿಕೊಂಡು, ಎರಡೂ ಕಿವಿಯನ್ನು ಕೈಯಿಂದ ಒತ್ತಿ ಹಿಡಿದು ಕೇಳಿದಳು. ಇಯರ್‌ಫೋನ್ ಬಿಚ್ಚಿಟ್ಟು ಹೇಳಿದಳು: “ಮಾವ ಪೂರ್ತಿ ಮಾತಾಡ್ಲಿ. ಉಗೀಲಿ. ಎಲ್ಲಾ ಇರ್ಲಿ. ಆಮೇಲೆ ಅಪ್ಪನ ಮುಖ, ಉಸಿರು. ಅದನ್ನೂ ತೆಗೀಬೇಡಿ.”

“ಆ ಉಸಿರು ಆ ದಿನದ್ದಲ್ಲಮ್ಮ. ಅವತ್ತು ಕುದುರೆ ಇರಲಿಲ್ಲ. ಅದು ಸುಳ್ಳಾಗುತ್ತೆ.”

“ಗೊತ್ತು. ಹಾಕಿ.”

*

ತಿಥಿಯ ದಿನ ಕೆಸರೆಗೆ ಹೋದೆ. ಲಾಯ ಇದ್ದ ಜಾಗದಲ್ಲಿ ಈಗ ನೀರಿನ ತೊಟ್ಟಿ ಇದೆ. ಎಡೆ ಇಟ್ಟು ಆದ ಮೇಲೆ ನೆಂಟರು ಟಿವಿಯ ಮುಂದೆ ಕೂತರು. ಹಳೆಯ ಸ್ಟ್ಯಾಂಡಿನವರು ಇಬ್ಬರು ಬಂದಿದ್ದರು. ಅವರಲ್ಲಿ ಒಬ್ಬ ಅಂದು ಟೀ ಅಂಗಡಿಯಲ್ಲಿ ಕೂಗಿದವನು, ಈಗ ಕೋಲು ಹಿಡಿದಿದ್ದ. ನಾನು ಬಾಗಿಲ ಬಳಿ ನಿಂತೆ.

ಟಿವಿಯಲ್ಲಿ ಮಾವ ಎಲ್ಲ ಹೇಳಿದರು. ಅಂಗ್ ಮಾಡೋರಲ್ಲ ಎಂದಾಗ ಕೋಲಿನವನು ಪಕ್ಕದವನನ್ನು ನೋಡಿ, “ಇದು ಮೊದಲು ಇರ್ಲಿಲ್ಲ ಕಣೋ,” ಎಂದ. ಪಕ್ಕದವನು, “ಇತ್ತೇನೋ. ನಾವು ಕೇಳ್ಕಂಡಿಲ್ಲ,” ಎಂದ.

ಅಲ್ಲ, ಇರಲಿಲ್ಲ, ನಾನು ತೆಗೆದಿದ್ದೆ ಎಂದು ಹೇಳ‌ಲು ಒಂದು ಹೆಜ್ಜೆ ಒಳಗಿಟ್ಟೆ. ಹೇಳಿದೆ ಕೂಡ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಣ್ಣನ ಹೆಂಡತಿ, ಗೋಡೆಗೆ ಒರಗಿ ಕೂತಿದ್ದವರು, “ಯಾರದು?” ಎಂದು ಕೇಳಿದರು. ಯಾರಾದರೂ ಉತ್ತರ ಹೇಳುವ ಮುಂಚೆ ಪರದೆಯ ಮೇಲೆ ಅಣ್ಣನ ಬಗ್ಗಿದ ಮುಖ ಬಂತು, ಎಲ್ಲರೂ ಆ ಕಡೆ ತಿರುಗಿದರು.

ಮಗಳು ಮುಂದೆ ನೆಲದ ಮೇಲೆ ಕೂತಿದ್ದಳು. ಉಸಿರು ಬಂತು, ಒಮ್ಮೆ ಉದ್ದಕ್ಕೆ. ತೊಡೆಯ ಮೇಲೆ ಮುಷ್ಟಿ ಕಟ್ಟಿದ್ದ ಅವಳ ಬಲಗೈ ಬಿಚ್ಚಿಕೊಂಡಿತು. ಒಂದು ಬೆರಳೂ ಮಡಚದೆ, ತಟ್ಟೆಯ ಹಾಗೆ, ಮೇಲ್ಮುಖವಾಗಿ. ಚಿಕ್ಕ ಉಸಿರು ಬಂದು ಹೋದ ಮೇಲೂ ಹಾಗೇ ಇತ್ತು.

ಊಟಕ್ಕೆ ಎಲೆ ಹಾಕುವ ಸದ್ದಾಯಿತು. ನನ್ನನ್ನು ಯಾರೂ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಅವಳ ಧ್ವನಿ ಕೇಳಿಸಿತು.

“ಒಂಚೂರು ಹಿಂದಕ್ಕೆ ಹಾಕು. ಯಾರೂ ಮಾತಾಡಬೇಡಿ.”

ಮನೆ ತುಂಬ ಜನ ಸುಮ್ಮನಾದರು. ನಾನೂ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವನು ಹಾಗೇ ನಿಂತೆ.